ಬೆಟ್ಟದ ಸಾಕ್ಷಿಗೆ ಎಂಥ ಕ್ಯಾಮರಾ?

ಆರಿದ್ರಾ ಮಳೆ ಹಿಡಿದ ಮೂರನೆಯ ದಿನ ಶಾಲೆಯ ಹಿಂದಿನ ಧರೆಯಲ್ಲಿ ಬಿರುಕೊಂದು ಕಾಣಿಸಿಕೊಳ್ಳುತ್ತದೆ. ಊರವರು ಗ್ರಾಮ ಪಂಚಾಯಿತಿಗೆ ತಿಳಿಸುತ್ತಾರೆ. ನೋಡಲು ಬಂದ ಅಧಿಕಾರಿ ಕೇಳುವ ಮೊದಲ ಪ್ರಶ್ನೆ, "ಕಳೆದ ವರ್ಷ ಇದು ಇತ್ತೇ? ಎಷ್ಟು ಅಗಲವಿತ್ತು?" ಹಿರಿಯರಿಗೆ ನೆನಪಿದೆ. ಆದರೆ ಒಬ್ಬರು ಒಂದು ಗೇಣು ಎನ್ನುತ್ತಾರೆ, ಇನ್ನೊಬ್ಬರು ಎರಡು ಬೆರಳು ಎನ್ನುತ್ತಾರೆ. ಮದುವೆ, ಮುಂಜಿ, ನಾಮಕರಣದ ಚಿತ್ರಗಳು ಮನೆಮನೆಯಲ್ಲೂ ಇವೆ. ಗುಡ್ಡದ ಚಿತ್ರ ಮಾತ್ರ ಯಾರ ಮನೆಯಲ್ಲೂ ಇಲ್ಲ. ಮಲೆನಾಡಿನ ಬಹುತೇಕ ಊರುಗಳ ಸ್ಥಿತಿ ಇದೇ.

2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜಾರಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತು. ಅದೇ ತಿಂಗಳ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಊರುಗಳು ಮಣ್ಣುಪಾಲಾಗಿ ನೂರಾರು ಜನ ಜೀವ ಕಳೆದುಕೊಂಡರು. ಪ್ರತಿ ದುರಂತದ ಮರುದಿನ ಪೇಟೆಯಿಂದ ಕ್ಯಾಮರಾಗಳ ದಂಡೇ ಬಂದಿಳಿಯಿತು. ದುರಂತದ ನಂತರದ ಚಿತ್ರಗಳಿಗೆ ಎಂದೂ ಕೊರತೆಯಿಲ್ಲ. ಕೊರತೆ ಇರುವುದು ಅದಕ್ಕೆ ಮೊದಲಿನ ಚಿತ್ರಗಳಿಗೆ. ಗುಡ್ಡವನ್ನು ಲಂಬವಾಗಿ ಕಡಿದಾಗ, ಅಬ್ಬಿಯ ನೀರು ಮೊದಲ ಬಾರಿ ಕೆಂಪಾದಾಗ, ಸೊಪ್ಪಿನ ಬೆಟ್ಟದಲ್ಲಿ ಜೆಸಿಬಿ ಮೊದಲ ಗೆರೆ ಎಳೆದಾಗ ತೆಗೆದ ಚಿತ್ರಗಳವು. ಅವನ್ನು ತೆಗೆಯಬಲ್ಲವರು ಅಲ್ಲೇ ವಾಸಿಸುವವರು ಮಾತ್ರ.

ಈ ತಿಳಿವಳಿಕೆ ಈಗ ಅನೇಕ ಊರುಗಳಲ್ಲಿ ಮೂಡುತ್ತಿದೆ. ಯುವಕ ಸಂಘಗಳು, ಶಾಲೆಯ ಇಕೋ ಕ್ಲಬ್ಬುಗಳು, ಗ್ರಾಮ ಅರಣ್ಯ ಸಮಿತಿಗಳು, ಸ್ವಸಹಾಯ ಸಂಘಗಳು ಒಂದು ಸಣ್ಣ ಡಿಜಿಟಲ್ ಕ್ಯಾಮರಾ ಕೊಳ್ಳುವ ಮಾತಾಡುತ್ತಿವೆ. ಸಂಗ್ರಹವಾಗುವ ಹಣ ಅಲ್ಪ. ಅದು ಒಮ್ಮೆ ತಪ್ಪು ವಸ್ತುವಿಗೆ ಹೋದರೆ ಮತ್ತೆ ಕೂಡಿಬರಲು ವರ್ಷಗಳೇ ಬೇಕು. ಆದ್ದರಿಂದ ಆಯ್ಕೆಯ ವಿಷಯದಲ್ಲಿ ಮೂರು ಮಾತುಗಳನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಕ್ಯಾಮರಾವನ್ನು ಪೆಟ್ಟಿಗೆಯ ಮೇಲಿನ ಅಂಕಿ ನೋಡಿ ಕೊಳ್ಳಬಾರದು, ಮಾಡಬೇಕಾದ ಕೆಲಸ ನೋಡಿ ಕೊಳ್ಳಬೇಕು. ಇರುವ ಹಣವನ್ನೆಲ್ಲ ಕ್ಯಾಮರಾಕ್ಕೇ ಸುರಿಯಬಾರದು, ಮೂರನೆಯ ಒಂದು ಪಾಲನ್ನು ತೆಗೆದಿಡಬೇಕು. ಕೊಳ್ಳದೆಯೇ ಕೆಲಸ ನಡೆಯುವಂತಿದ್ದರೆ ಕೊಳ್ಳಲೇಬಾರದು.

ಕೊಳ್ಳಲೇಬೇಕೇ?

ಕೊನೆಯ ಮಾತಿನಿಂದಲೇ ಆರಂಭಿಸುವುದು ಪ್ರಾಮಾಣಿಕತೆ. ಇಂದು ಊರಿನಲ್ಲಿ ಹತ್ತು ಮೊಬೈಲುಗಳಾದರೂ ಇರುತ್ತವೆ. ಮಧ್ಯಮ ಬೆಲೆಯ ಅನೇಕ ಫೋನುಗಳ ಮುಖ್ಯ ಸೆನ್ಸರ್ ಹಳೆಯ ಕಾಂಪ್ಯಾಕ್ಟ್ ಕ್ಯಾಮರಾಗಳ ಸೆನ್ಸರಿಗಿಂತ ದೊಡ್ಡದು. ಅಲ್ಲದೆ ಫೋನು ಒಂದೇ ಗಳಿಗೆಯಲ್ಲಿ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಹೆಣೆಯುತ್ತದೆ. ವಿಶಾಲವಾದ ಗುಡ್ಡ, ಗದ್ದೆ ಬಯಲು, ಕುಸಿದ ರಸ್ತೆ, ಪಂಚಾಯಿತಿಯ ಕಡತ, ಸಭೆಯ ನೋಟ ಇಷ್ಟನ್ನೇ ದಾಖಲಿಸಬೇಕಿದ್ದರೆ ಫೋನೇ ಸಾಕು. ಸ್ಥಳದ ಅಕ್ಷಾಂಶ ರೇಖಾಂಶಗಳನ್ನೂ ಅದು ಬರೆದಿಟ್ಟುಕೊಳ್ಳುತ್ತದೆ, ಹೆಚ್ಚಿನ ಸಣ್ಣ ಕ್ಯಾಮರಾಗಳಲ್ಲಿ ಆ ಸೌಲಭ್ಯವಿಲ್ಲ. ಇಂಥ ಊರಿನವರು ಕೂಡಿಸಿದ ಹಣದಲ್ಲಿ ಚಿತ್ರಗಳನ್ನು ಕಾದಿಡುವ ಒಂದು ಹಾರ್ಡ್ ಡಿಸ್ಕ್ ಕೊಳ್ಳುವುದೇ ವಿವೇಕ.

ಮಾರುಕಟ್ಟೆಯೂ ಈ ಬದಲಾವಣೆಯನ್ನು ಹೇಳುತ್ತಿದೆ. ಜಪಾನಿನ ಕ್ಯಾಮರಾ ತಯಾರಕರ ಒಕ್ಕೂಟದ ಲೆಕ್ಕದಂತೆ 2010ರಲ್ಲಿ ಜಗತ್ತಿಗೆ ರವಾನೆಯಾದ ಡಿಜಿಟಲ್ ಕ್ಯಾಮರಾಗಳು ಸುಮಾರು 12 ಕೋಟಿ. ಅವುಗಳಲ್ಲಿ ಹೆಚ್ಚಿನವು ಸಣ್ಣ ಕಾಂಪ್ಯಾಕ್ಟ್‌ಗಳೇ. 2023ರಲ್ಲಿ ಒಟ್ಟು ಸಂಖ್ಯೆ 80 ಲಕ್ಷವನ್ನೂ ಮುಟ್ಟಲಿಲ್ಲ. ಹೆಸರಾಂತ ಕಂಪನಿಗಳ ಅಗ್ಗದ ಹೊಸ ಕ್ಯಾಮರಾ ಈಗ ಅಂಗಡಿಯಲ್ಲಿ ಸಿಗುವುದೇ ವಿರಳ.

ಹಾಗಾದರೆ ಸಣ್ಣ ಕ್ಯಾಮರಾದ ಅಗತ್ಯ ಎಲ್ಲಿ ಉಳಿದಿದೆ? ದೂರದ ವಸ್ತು, ತೀರ ಹತ್ತಿರದ ವಸ್ತು ಮತ್ತು ಸುರಿಯುವ ಮಳೆ, ಈ ಮೂರು ಕಡೆ ಸಾಮಾನ್ಯ ಫೋನು ಸೋಲುತ್ತದೆ. ಇನ್ನೊಂದು ಕಾರಣ ಸಾಮಾಜಿಕವಾದುದು. ಫೋನು ಒಬ್ಬರ ಸ್ವತ್ತು. ಅದರಲ್ಲಿ ಅವರ ಮಾತುಕತೆ, ಬ್ಯಾಂಕು, ಸಂಸಾರ ಎಲ್ಲವೂ ಇವೆ. ಅದನ್ನು ಎಂಟನೆಯ ತರಗತಿಯ ಹುಡುಗಿಯ ಕೈಗೆ ಕೊಟ್ಟು ಇಡೀ ದಿನ ಕಾನಿಗೆ ಕಳುಹಿಸಲಾಗದು. ಫೋನು ಕೆಟ್ಟರೆ, ಮಾಲೀಕ ಊರು ಬಿಟ್ಟರೆ ಚಿತ್ರಗಳೂ ಅವನ ಜೊತೆಗೇ ಹೋಗುತ್ತವೆ. ಸಂಘದ ಕ್ಯಾಮರಾ ಊರಿನ ಸ್ವತ್ತು, ಅದರ ಚಿತ್ರ ಊರಿನ ನೆನಪು. ಈ ನಾಲ್ಕು ಕಾರಣಗಳಲ್ಲಿ ಎರಡಾದರೂ ಅನ್ವಯಿಸಿದರೆ ಮಾತ್ರ ಕೊಳ್ಳುವ ಮಾತಿಗೆ ಅರ್ಥವಿದೆ.

ಮೆಗಾಪಿಕ್ಸೆಲ್ ಎಂಬ ಮಾಯೆ

ಅಂಗಡಿಯವರ ಮೊದಲ ಮಾತು ಮೆಗಾಪಿಕ್ಸೆಲ್‌ನದು. 1975ರಲ್ಲಿ ಕೊಡಾಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮರಾದಲ್ಲಿ ಇದ್ದುದು 0.01 ಮೆಗಾಪಿಕ್ಸೆಲ್. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು ಅದಕ್ಕೆ 23 ಸೆಕೆಂಡು ಬೇಕಾಗುತ್ತಿತ್ತು. ಅಲ್ಲಿಂದ ಮುಂದೆ ಅಂಕಿ ಏರಿದಂತೆಲ್ಲ ಚಿತ್ರ ಸುಧಾರಿಸಿದ ಕಾಲವೊಂದಿತ್ತು. ಆ ಕಾಲ ಮುಗಿದು ಬಹಳ ದಿನಗಳಾದವು.

ಲೆಕ್ಕ ಸರಳವಾಗಿದೆ. ಒಳ್ಳೆಯ ಮುದ್ರಣಕ್ಕೆ ಒಂದು ಅಂಗುಲದಲ್ಲಿ 300 ಚುಕ್ಕೆಗಳು ಬೇಕು. ಪತ್ರಿಕೆಯಲ್ಲಿ 15 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಚಿತ್ರ ಅಚ್ಚಾಗಲು 1772 x 1181 ಚುಕ್ಕೆಗಳು, ಅಂದರೆ 2.1 ಮೆಗಾಪಿಕ್ಸೆಲ್ ಸಾಕು. ಎ4 ಹಾಳೆಯ ಇಡೀ ಪುಟಕ್ಕೆ 8.7 ಮೆಗಾಪಿಕ್ಸೆಲ್ ಸಾಕು. ಹತ್ತು ಅಥವಾ ಹನ್ನೆರಡು ಮೆಗಾಪಿಕ್ಸೆಲ್ಲಿನ ಹಳೆಯ ಕ್ಯಾಮರಾ ಊರಿನ ಯಾವ ಅಗತ್ಯಕ್ಕೂ ಕಡಿಮೆ ಬೀಳದು.

ಚಿತ್ರದ ಗುಣ ನಿಂತಿರುವುದು ಬೆಳಕು ಹಿಡಿಯುವ ಸೆನ್ಸರಿನ ಗಾತ್ರದ ಮೇಲೆ ಮತ್ತು ಲೆನ್ಸಿನ ಮೇಲೆ. ಸಾಮಾನ್ಯ ಕಾಂಪ್ಯಾಕ್ಟ್‌ನ 1/2.3 ಅಂಗುಲ ಎಂಬ ಹೆಸರಿನ ಸೆನ್ಸರಿನ ವಿಸ್ತೀರ್ಣ ಸುಮಾರು 28 ಚದರ ಮಿ.ಮೀ. ಒಂದು ಅಂಗುಲ ಎಂದು ಕರೆಯುವ ಸೆನ್ಸರಿನದು ಸುಮಾರು 116 ಚದರ ಮಿ.ಮೀ., ನಾಲ್ಕು ಪಟ್ಟು. ಮಳೆ ನೀರು ಹಿಡಿಯಲು ಅಂಗಳದಲ್ಲಿ ತಂಬಿಗೆ ಇಟ್ಟಂತೆ ಒಂದು, ಅಗಲ ಬಾಯಿಯ ಹಂಡೆ ಇಟ್ಟಂತೆ ಇನ್ನೊಂದು. ತಂಬಿಗೆಯನ್ನೇ ಇಪ್ಪತ್ತು ಭಾಗ ಮಾಡಿ ಇಪ್ಪತ್ತು ತಂಬಿಗೆ ಎಂದು ಮಾರಿದರೆ ನೀರು ಹೆಚ್ಚಾಗುವುದಿಲ್ಲ. ತಯಾರಕರಿಗೂ ಇದು ಗೊತ್ತಿದೆ. ಕ್ಯಾನನ್ ಕಂಪನಿ 2008ರ ಜಿ10 ಮಾದರಿಯಲ್ಲಿ 14.7 ಮೆಗಾಪಿಕ್ಸೆಲ್ ಕೊಟ್ಟಿತ್ತು. ಮರುವರ್ಷದ ಜಿ11ರಲ್ಲಿ ಅದನ್ನು 10ಕ್ಕೆ ಇಳಿಸಿತು. ಒಲಿಂಪಸ್ ಕಂಪನಿ 16 ಮೆಗಾಪಿಕ್ಸೆಲ್ಲಿನ ಟಿಜಿ-4 ಆದ ಮೇಲೆ 2017ರ ಟಿಜಿ-5ರಲ್ಲಿ 12ಕ್ಕೆ ಇಳಿಸಿತು. ಮಂದ ಬೆಳಕಿನ ಚಿತ್ರ ಸುಧಾರಿಸಲಿ ಎಂಬುದೇ ಉದ್ದೇಶವಾಗಿತ್ತು.

ಈ ಕಾರಣದಿಂದ, ಜಾಲತಾಣದ ಅಂಗಡಿಗಳಲ್ಲಿ ಕೆಲವೇ ಸಾವಿರ ರೂಪಾಯಿಗೆ "48 ಮೆಗಾಪಿಕ್ಸೆಲ್", "64 ಮೆಗಾಪಿಕ್ಸೆಲ್" ಎಂಬ ಹಣೆಪಟ್ಟಿಯೊಂದಿಗೆ ಮಾರಾಟವಾಗುವ ಹೆಸರು ಗೊತ್ತಿಲ್ಲದ ಹೊಸ ಕ್ಯಾಮರಾಗಳಿಂದ ಹಳ್ಳಿಯವರು ದೂರ ಇರುವುದು ಒಳ್ಳೆಯದು. ಅವುಗಳಲ್ಲಿ ಬಹುಪಾಲು ಆಟಿಕೆಗಳು. ಒಳಗಿನ ಪುಟ್ಟ ಸೆನ್ಸರ್ ಹಿಡಿದ ಕಡಿಮೆ ಚುಕ್ಕೆಗಳನ್ನು ಯಂತ್ರವೇ ಹಿಗ್ಗಿಸಿ ದೊಡ್ಡ ಅಂಕಿ ತೋರಿಸುತ್ತದೆ. ನಿಜವಾದ ಜೂಮ್ ಇರುವುದಿಲ್ಲ. ಅದೇ ಹಣಕ್ಕೆ ಸಿಗುವ, ಹೆಸರಾಂತ ಕಂಪನಿಯ ಹತ್ತು ವರ್ಷ ಹಳೆಯ ಕ್ಯಾಮರಾ ಎಷ್ಟೋ ಮೇಲು.

ದೂರ, ಹತ್ತಿರ, ಮಳೆ

ಯಾವ ಕೆಲಸಕ್ಕೆ ಎಂಬುದು ತೀರ್ಮಾನವಾದರೆ ಕ್ಯಾಮರಾ ತಾನಾಗಿ ತೀರ್ಮಾನವಾಗುತ್ತದೆ. ಎದುರು ಗುಡ್ಡದ ಕಲ್ಲುಕ್ವಾರಿ, ಮರದ ತುದಿಯ ಮಂಗಟ್ಟೆ, ಕಣಿವೆಯಾಚೆಯ ಮರ ಕಡಿತ ಇವನ್ನು ಹಿಡಿಯಲು ಆಪ್ಟಿಕಲ್ ಜೂಮ್ ಬೇಕು. ಆಪ್ಟಿಕಲ್ ಜೂಮ್ ಎಂದರೆ ಲೆನ್ಸ್ ಮುಂದೆ ಸರಿದು ನಿಜವಾಗಿ ಹತ್ತಿರ ತರುವುದು. ಡಿಜಿಟಲ್ ಜೂಮ್ ಎಂದರೆ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದು. ಎರಡು ಪಟ್ಟು ಡಿಜಿಟಲ್ ಜೂಮ್ ಮಾಡಿದರೆ 12 ಮೆಗಾಪಿಕ್ಸೆಲ್ಲಿನಲ್ಲಿ ಉಳಿಯುವುದು ಮೂರು ಮಾತ್ರ. ಪೆಟ್ಟಿಗೆಯ ಮೇಲೆ ಎಷ್ಟೇ ದೊಡ್ಡ ಸಂಖ್ಯೆಯಿರಲಿ, ಆಪ್ಟಿಕಲ್ ಎಂದು ಬರೆದುದನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಹತ್ತು ಪಟ್ಟು ಇದ್ದರೆ ಹೆಚ್ಚಿನ ಕೆಲಸ ಸಾಗುತ್ತದೆ. ಕೈ ನಡುಗಿದರೂ ಚಿತ್ರ ಅಲುಗದಂತೆ ಹಿಡಿಯುವ ಸ್ಥಿರೀಕರಣ ವ್ಯವಸ್ಥೆಯೂ ಲೆನ್ಸಿನಲ್ಲೋ ಸೆನ್ಸರಿನಲ್ಲೋ ಇರಲೇಬೇಕು. ಇಲ್ಲದಿದ್ದರೆ ಜೂಮ್ ಇದ್ದೂ ಪ್ರಯೋಜನವಿಲ್ಲ.

ಹತ್ತಿರದ ವಸ್ತುವಿನ ವಿಷಯದಲ್ಲಿ ಸಣ್ಣ ಕ್ಯಾಮರಾಕ್ಕೆ ಅದರ ಸಣ್ಣತನವೇ ವರ. ಸೆನ್ಸರ್ ಚಿಕ್ಕದಾದಷ್ಟೂ ಚಿತ್ರದ ಹೆಚ್ಚು ಆಳ ಸ್ಪಷ್ಟವಾಗಿರುತ್ತದೆ. ಅನೇಕ ಕಾಂಪ್ಯಾಕ್ಟ್‌ಗಳು ಒಂದರಿಂದ ಐದು ಸೆಂ.ಮೀ. ದೂರದ ವಸ್ತುವನ್ನೂ ತೀಕ್ಷ್ಣವಾಗಿ ಹಿಡಿಯುತ್ತವೆ. ಕಪ್ಪೆ, ಹಾವಸೆ, ಸೀತಾಳೆ ಹೂವು, ಅಡಿಕೆಯ ಎಲೆಚುಕ್ಕೆ ರೋಗ, ಭತ್ತದ ಕಾಳು, ಅಪ್ಪೆಮಿಡಿಯ ತೊಟ್ಟು ಇವುಗಳ ದಾಖಲೆಗೆ ಇದೇ ಮುಖ್ಯ ಗುಣ. ಸಿದ್ಧಾಪುರ ತಾಲ್ಲೂಕಿನ ಕತ್ತಲೆಕಾನಿನ ಹಳ್ಳದಲ್ಲಿ ಅಂಗೈಯೊಳಗೆ ಅಡಗುವಂಥ ಕಪ್ಪೆಯೊಂದು ತನ್ನ ಮೊಟ್ಟೆಗಳಿಗೆ ಕೈಯಿಂದ ಕೆಸರು ಮೆತ್ತುತ್ತದೆ. ರಾತ್ರಿ ಕಾದು ಕುಳಿತ ವಿಜ್ಞಾನಿಗಳು ಅದನ್ನು ಕಂಡರು. 2014ರಲ್ಲಿ ಆ ಕಪ್ಪೆಗೆ ಕುಂಬಾರನ ಹೆಸರನ್ನೇ ಇಟ್ಟು ಹೊಸ ಪ್ರಭೇದವೆಂದು ಜಗತ್ತಿಗೆ ತಿಳಿಸಿದರು. ಅಂಥ ಹಳ್ಳಗಳು ಪಶ್ಚಿಮ ಘಟ್ಟದ ನೂರಾರು ಊರುಗಳ ಹಿತ್ತಲಲ್ಲೇ ಹರಿಯುತ್ತಿವೆ.

ಕಾನಿನೊಳಗೆ ಹಗಲಲ್ಲೂ ಬೆಳಕು ಕಡಿಮೆ. ಇಲ್ಲಿ ಲೆನ್ಸಿನ ಎಫ್ ಸಂಖ್ಯೆಯನ್ನು ನೋಡಬೇಕು. ಅದು ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಎಫ್2 ಲೆನ್ಸ್ ಎಫ್4 ಲೆನ್ಸಿಗಿಂತ ನಾಲ್ಕು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಸಣ್ಣ ಕ್ಯಾಮರಾಗಳಿಗೆ 2009ರ ಸುಮಾರಿಗೆ ಬಂದ ಬ್ಯಾಕ್‌ಲಿಟ್ ಸಿಮೋಸ್ ಸೆನ್ಸರುಗಳು ಮಂದ ಬೆಳಕಿನಲ್ಲಿ ಹಿಂದಿನವುಗಳಿಗಿಂತ ಸಮರ್ಥವಾಗಿವೆ. ಇತ್ತೀಚಿನ ವರ್ಷಗಳಲ್ಲಿ ಪೇಟೆಯ ಯುವಜನರಿಗೆ ಅದಕ್ಕೂ ಹಿಂದಿನ ಸಿಸಿಡಿ ಸೆನ್ಸರಿನ ಬಣ್ಣದ ಮೋಹ ಹತ್ತಿ ಅವುಗಳ ಬೆಲೆ ಏರಿದೆ. ದಾಖಲೆಯ ಕೆಲಸಕ್ಕೆ ಆ ಮೋಹದಿಂದ ಏನೂ ಲಾಭವಿಲ್ಲ.

ಇನ್ನು ಮಳೆ. ಒಲಿಂಪಸ್ ಟಿಜಿ ಸರಣಿಯಂಥ ಗಟ್ಟಿ ಕ್ಯಾಮರಾಗಳು ನೀರಿನಾಳಕ್ಕೂ ಇಳಿಯುತ್ತವೆ. ಟಿಜಿ-5 ಮಾದರಿ 15 ಮೀಟರ್ ಆಳ ತಾಳುತ್ತದೆ, ಒಂದು ಸೆಂ.ಮೀ. ಹತ್ತಿರದ ವಸ್ತುವನ್ನು ಹಿಡಿಯುತ್ತದೆ, ಲೆನ್ಸ್ ಎಫ್2, ಜಿಪಿಎಸ್ ಕೂಡ ಉಂಟು. ಜೂಮ್ ಮಾತ್ರ ನಾಲ್ಕೇ ಪಟ್ಟು. ಮಳೆಗಾಲದ ಕಪ್ಪೆ, ಹಳ್ಳ, ಕುಸಿತಗಳ ದಾಖಲೆಗೆ ಇದಕ್ಕಿಂತ ತಕ್ಕ ಸಣ್ಣ ಕ್ಯಾಮರಾ ಹುಡುಕುವುದು ಕಷ್ಟ. ಹೊಸದರ ಬೆಲೆ ಬಡ ಸಂಘದ ಕೈಗೆಟುಕದು. ಹಳೆಯದು ಸಿಕ್ಕರೆ ಒಂದು ಎಚ್ಚರ ಇರಲಿ. ನೀರು ತಡೆಯುವ ರಬ್ಬರ್ ಪಟ್ಟಿ ವರ್ಷ ಕಳೆದಂತೆ ಗಡುಸಾಗುತ್ತದೆ. ಅಂಥದನ್ನು ಮಳೆಗೆ ಹೆದರದ ಕ್ಯಾಮರಾ ಎಂದು ಬಳಸಬಹುದು, ಹೊಳೆಯಲ್ಲಿ ಮುಳುಗಿಸಬಾರದು.

ಎಲ್ಲ ಗುಣಗಳೂ ಒಂದರಲ್ಲೇ ಅಗ್ಗಕ್ಕೆ ಸಿಗುವುದಿಲ್ಲ. ಹಕ್ಕಿ ಮತ್ತು ದೂರದ ಗುಡ್ಡ ಮುಖ್ಯವಾದ ಊರು ಉದ್ದ ಜೂಮಿನದನ್ನು ಆರಿಸಲಿ. ಕಪ್ಪೆ, ಗಿಡ, ಮಳೆಗಾಲ ಮುಖ್ಯವಾದ ಊರು ಗಟ್ಟಿ ಕ್ಯಾಮರಾವನ್ನು ಆರಿಸಲಿ. ಎರಡೂ ಬೇಕೆಂದು ಹಟ ಹಿಡಿದವರಿಗೆ ಕೊನೆಗೆ ಎರಡೂ ದಕ್ಕುವುದಿಲ್ಲ.

ಹಳೆಯದನ್ನು ಕೊಳ್ಳುವಾಗ

ಹಳೆಯ ಕ್ಯಾಮರಾ ಕೊಳ್ಳುವುದರಲ್ಲಿ ಅವಮಾನವಿಲ್ಲ. ಅದು ಚಳವಳಿಯ ತತ್ವಕ್ಕೆ ಹೆಚ್ಚು ಹತ್ತಿರ. ಗಣಿಗಾರಿಕೆಯ ವಿರುದ್ಧ ದನಿ ಎತ್ತುವವರು ಕ್ಯಾಮರಾದೊಳಗಿನ ತಾಮ್ರ, ಲಿಥಿಯಂ, ಕೋಬಾಲ್ಟ್‌ಗಳೂ ಯಾರದೋ ಊರಿನ ಗುಡ್ಡ ಅಗೆದು ತಂದವು ಎಂಬುದನ್ನು ಮರೆಯಬಾರದು. ಈಗಾಗಲೇ ತಯಾರಾದುದನ್ನು ಇನ್ನೈದು ವರ್ಷ ಬಾಳಿಸುವುದು ಇ-ತ್ಯಾಜ್ಯದ ರಾಶಿಗೆ ಒಂದು ವಸ್ತುವನ್ನು ಸೇರಿಸದೆ ಇದ್ದಂತೆ. ಆದರೆ ಹಳೆಯದನ್ನು ಪರೀಕ್ಷಿಸದೆ ಕೊಂಡರೆ ತ್ಯಾಜ್ಯಕ್ಕೇ ಹಣ ಕೊಟ್ಟಂತಾಗುತ್ತದೆ.

ಕೊಳ್ಳಲು ಹೋಗುವವರು ತಮ್ಮದೇ ಮೆಮೊರಿ ಕಾರ್ಡು ಮತ್ತು ಸಣ್ಣ ಟಾರ್ಚು ಒಯ್ಯಬೇಕು. ಲೆನ್ಸಿನೊಳಗೆ ಟಾರ್ಚ್ ಬೆಳಕು ಹಾಯಿಸಿದಾಗ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಎಷ್ಟೇ ಅಗ್ಗವಾದರೂ ಅದನ್ನು ಅಲ್ಲಿಯೇ ಬಿಡಬೇಕು. ಜೂಮನ್ನು ಹತ್ತು ಬಾರಿ ಹಿಂದೆಮುಂದೆ ಓಡಿಸಿ ಸದ್ದು ಕೇಳಬೇಕು. ಮರಳು ಹೊಕ್ಕ ಲೆನ್ಸ್ ಕರಕರ ಎನ್ನುತ್ತದೆ, ಇಲ್ಲವೇ ನಡುವೆ ನಿಲ್ಲುತ್ತದೆ. ಬಿಳಿ ಗೋಡೆಯ ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಧೂಳು ಕಲೆಯಾಗಿ ಕಾಣುತ್ತದೆ. ಲೆನ್ಸನ್ನು ಕೈಯಿಂದ ಮುಚ್ಚಿ ತೆಗೆದರೆ ಕೆಟ್ಟ ಚುಕ್ಕೆಗಳು ನಕ್ಷತ್ರದಂತೆ ಹೊಳೆಯುತ್ತವೆ. ಬ್ಯಾಟರಿ ಉಬ್ಬಿದೆಯೇ, ಅದರ ಬಾಗಿಲು ಗಟ್ಟಿಯಾಗಿ ಕೂರುತ್ತದೆಯೇ ನೋಡಬೇಕು. ಬ್ಯಾಟರಿ ತೆಗೆದು ಕೆಲವು ನಿಮಿಷ ಬಿಟ್ಟು ಹಾಕಿದಾಗ ದಿನಾಂಕ ಅಳಿಸಿ ಹೋಗುವಂತಿದ್ದರೆ ಒಳಗಿನ ಗಡಿಯಾರದ ಶೆಲ್ಲು ಸತ್ತಿದೆ. ದಾಖಲೆಯ ಕೆಲಸಕ್ಕೆ ಅಂಥ ಕ್ಯಾಮರಾ ಅನರ್ಹ. ಬಿಲ್ಲು ಅಥವಾ ಮಾರಿದವರ ಸಹಿಯ ಚೀಟಿ ಇಲ್ಲದೆ ಹಣ ಕೊಡಬಾರದು.

ತೀರ ಹಳೆಯದೂ ಬೇಡ. ಬಿಸಿ ಮತ್ತು ತೇವದ ಹವೆಯಲ್ಲಿ ಒಳಗಿನ ಸಿಸಿಡಿ ಸೆನ್ಸರ್ ಕೆಟ್ಟು ಚಿತ್ರವೇ ಮೂಡದ ದೋಷವನ್ನು 2005ರಲ್ಲಿ ಹಲವು ಕಂಪನಿಗಳು ಒಪ್ಪಿಕೊಂಡು ಉಚಿತ ದುರಸ್ತಿ ಪ್ರಕಟಿಸಿದ್ದವು. ಆ ಕಾಲದ ಕ್ಯಾಮರಾ ಮಲೆನಾಡಿನ ಮಳೆಗಾಲಕ್ಕೆ ತಕ್ಕುದಲ್ಲ. ಕಾರ್ಡಿನ ತೊಡಕೂ ಇದೆ. 2006ಕ್ಕೆ ಮೊದಲಿನ ಅನೇಕ ಕ್ಯಾಮರಾಗಳು 2 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡನ್ನು ಓದಲಾರವು. ಎಕ್ಸ್‌ಡಿ ಕಾರ್ಡು ಅಥವಾ ಮೆಮೊರಿ ಸ್ಟಿಕ್ ಬೇಡುವ ಹಳೆಯ ಮಾದರಿಗಳಿಗೆ ಕಾರ್ಡು ಹುಡುಕುವುದೇ ಒಂದು ಕೆಲಸವಾಗುತ್ತದೆ. 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಕಾರ್ಡು ಓದುವ, 2010ರ ನಂತರದ ಕ್ಯಾಮರಾ ಸುರಕ್ಷಿತ ಆಯ್ಕೆ.

ಬ್ಯಾಟರಿಯ ವಿಷಯದಲ್ಲಿ ಹಳ್ಳಿಯ ಅನುಭವಕ್ಕೆ ಬೆಲೆ ಕೊಡಬೇಕು. ಗಾಳಿ ಮಳೆಗೆ ಮರ ಬಿದ್ದು ವಾರಗಟ್ಟಲೆ ಕರೆಂಟು ಇಲ್ಲದ ಊರುಗಳಲ್ಲಿ, ಗೂಡಂಗಡಿಯಲ್ಲೂ ಸಿಗುವ ಎಎ ಶೆಲ್ಲು ಬಳಸುವ ಕ್ಯಾಮರಾ ವರವೇ ಸರಿ. ಮರುಪೂರಣ ಮಾಡಬಹುದಾದ ನಾಲ್ಕು ಶೆಲ್ಲು ಇಟ್ಟುಕೊಂಡು, ಅಂಗಡಿಯ ಶೆಲ್ಲನ್ನು ಆಪತ್ತಿಗೆ ಮಾತ್ರ ಬಳಸಿದರೆ ಖರ್ಚೂ ಕಡಿಮೆ, ಕಸವೂ ಕಡಿಮೆ. ಬೇರೆ ಬಗೆಯ ಬ್ಯಾಟರಿಯಾದರೆ ಯುಎಸ್‌ಬಿ ತಂತಿಯಿಂದ ಚಾರ್ಜ್ ಆಗುವ ಮಾದರಿ ಉತ್ತಮ, ಪವರ್ ಬ್ಯಾಂಕಿನಿಂದಲೂ ತುಂಬಬಹುದು. ಆ ಬ್ಯಾಟರಿ ಇಂದಿಗೂ ಮಾರುಕಟ್ಟೆಯಲ್ಲಿ ಸಿಗುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು.

ಉಳಿಸಿದ ಮೂರನೆಯ ಪಾಲು

ಸಂಘದ ಬಳಿ 12,000 ರೂಪಾಯಿ ಇದ್ದರೆ ಕ್ಯಾಮರಾಕ್ಕೆ 8,000 ಮೀರಬಾರದು. ಉಳಿದದ್ದು ಇನ್ನೊಂದು ಬ್ಯಾಟರಿ, ಎರಡು ಕಾರ್ಡು, ಚಿತ್ರ ಕಾದಿಡುವ ಸಾಧನ ಮತ್ತು ಗಾಳಿಯಾಡದ ಡಬ್ಬಿಗೆ. ಕೊನೆಯದನ್ನು ಅಲಕ್ಷಿಸಿದ ಊರುಗಳ ಕ್ಯಾಮರಾಗಳು ಬೀಳುವುದರಿಂದ ಕೆಡುವುದಕ್ಕಿಂತ ಹೆಚ್ಚಾಗಿ ಬೂಷ್ಟಿನಿಂದ ಕೆಡುತ್ತವೆ. ಚರ್ಮದ ಚೀಲದಲ್ಲಿ, ಬೀರುವಿನ ಕತ್ತಲಲ್ಲಿ ಮಳೆಗಾಲ ಕಳೆದ ಲೆನ್ಸಿಗೆ ಬೂಷ್ಟು ತಪ್ಪಿದ್ದಲ್ಲ. ಒಲೆಯ ಮೇಲಿನ ಅಟ್ಟವೂ ತಕ್ಕ ಜಾಗವಲ್ಲ, ಹೊಗೆಯ ಜಿಡ್ಡು ಲೆನ್ಸಿಗೆ ಅಂಟುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಮತ್ತು ಅದರೊಳಗೆ ಒಂದು ಮುಷ್ಟಿ ಸಿಲಿಕಾ ಜೆಲ್ ಸಾಕು. ಕಿತ್ತಳೆ ಬಣ್ಣದ ಹರಳು ತೇವ ಹೀರಿ ಹಸಿರಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ನೀಲಿ ಹರಳಿನಲ್ಲಿ ಕೋಬಾಲ್ಟ್ ಲವಣ ಇರುವುದರಿಂದ ಕಿತ್ತಳೆಯೇ ಲೇಸು. ಅಡುಗೆಯ ಪಾತ್ರೆಯನ್ನು ಯಾವುದಕ್ಕೂ ಬಳಸಬಾರದು.

ಚಿತ್ರ ಸಾಕ್ಷಿಯಾಗಲು

ಹಿಮನದಿಗಳ ಏರಿಳಿತ ಅಳೆಯಲು ಜರ್ಮನಿಯ ಸೆಬಾಸ್ಟಿಯನ್ ಫಿನ್‌ಸ್ಟರ್‌ವಾಲ್ಡರ್ 1880ರ ದಶಕದಲ್ಲಿ ಆಲ್ಪ್ಸ್ ಪರ್ವತದ ಗೊತ್ತಾದ ಜಾಗಗಳಲ್ಲಿ ಚಿತ್ರ ತೆಗೆಯತೊಡಗಿದರು. ಒಂದೇ ಜಾಗದಿಂದ, ಒಂದೇ ದಿಕ್ಕಿಗೆ, ವರ್ಷಗಳ ಅಂತರದಲ್ಲಿ ತೆಗೆದ ಚಿತ್ರಗಳನ್ನು ಹೋಲಿಸುವ ಈ ವಿಧಾನ ಹಳ್ಳಿಗೆ ಇಂದಿಗೂ ಅತ್ಯಂತ ಅಗ್ಗದ ವಿಜ್ಞಾನ. ಧರೆಯ ಎದುರು ಒಂದು ಕಲ್ಲು ಗುರುತು ಮಾಡಿ, ಪ್ರತಿ ತಿಂಗಳ ಮೊದಲ ದಿನ, ಜೂಮ್ ಬಳಸದೆ, ಅಳತೆಗೆ ಒಂದು ಕೊಡೆಯನ್ನೋ ಕೋಲನ್ನೋ ನಿಲ್ಲಿಸಿ ತೆಗೆದ ಚಿತ್ರ ಐದು ವರ್ಷದಲ್ಲಿ ಅರವತ್ತಾಗುತ್ತದೆ. ಇದಕ್ಕೆ ಒಂದೇ ಕ್ಯಾಮರಾ ಐದು ವರ್ಷ ಬಾಳಬೇಕು. ಆದ್ದರಿಂದಲೇ ಹೊಳಪಿಗಿಂತ ಬಾಳಿಕೆಯನ್ನು ನೋಡಿ ಕೊಳ್ಳಬೇಕೆಂಬ ಮಾತು.

ಚಿತ್ರಗಳು ಹೋರಾಟಕ್ಕೆ ಬಲ ತಂದ ಇತಿಹಾಸ ಈ ನಾಡಿನಲ್ಲೇ ಇದೆ. ಭದ್ರೆಯ ಮೇಲ್ಭಾಗದ ಕುದುರೆಮುಖ ಗಣಿಯಿಂದ ಹೊಳೆಗಿಳಿಯುತ್ತಿದ್ದ ಹೂಳನ್ನು ಶೇಖರ್ ದತ್ತಾತ್ರಿ ಅವರ 2001ರ ಕಿರುಚಿತ್ರ ನಾಡಿನ ಕಣ್ಣೆದುರು ಇಟ್ಟಿತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಮನೆ, ಗುಡಿಸಲು, ಗದ್ದೆಯ ಬದು, ಬಾವಿ, ಸ್ಮಶಾನ, ದೇವರ ಬನಗಳಂಥ ನೆಲದ ಗುರುತುಗಳನ್ನೂ ಸಾಕ್ಷ್ಯವೆಂದು ಎಣಿಸುತ್ತವೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಇವೆಲ್ಲಕ್ಕೂ ಊರವರೇ ತೆಗೆದ ಸ್ಪಷ್ಟ ಚಿತ್ರ ಬಲ ತುಂಬುತ್ತದೆ.

ಆದರೆ ಚಿತ್ರ ತೆಗೆದ ಮಾತ್ರಕ್ಕೆ ಅದು ಸಾಕ್ಷ್ಯವಾಗುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯ ಜೊತೆ ಪ್ರಮಾಣಪತ್ರ ಬೇಕು. ಅದರ ಒಂದು ಭಾಗವನ್ನು ದಾಖಲೆ ಸಲ್ಲಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಕಡತದ ಹ್ಯಾಶ್ ಮೌಲ್ಯವನ್ನೂ ಅದರಲ್ಲಿ ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು, ಚಿತ್ರದ ಒಂದು ಚುಕ್ಕೆ ಬದಲಾದರೂ ಅದು ಬದಲಾಗುತ್ತದೆ. ಆದ್ದರಿಂದ ಕ್ಯಾಮರಾದಿಂದ ಬಂದ ಮೂಲ ಕಡತವನ್ನು ತಿದ್ದದೆ, ಹೆಸರು ಬದಲಿಸದೆ ಎರಡು ಕಡೆ ಕಾದಿಡಬೇಕು. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದಾಗ ಕಡತ ಕುಗ್ಗುತ್ತದೆ, ಅದರೊಳಗಿನ ದಿನಾಂಕ ಮತ್ತು ಕ್ಯಾಮರಾದ ವಿವರ ಅಳಿಸಿ ಹೋಗುತ್ತದೆ. ಕಳುಹಿಸಲೇಬೇಕಾದರೆ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಬೇಕು. ಕ್ಯಾಮರಾದ ಗಡಿಯಾರ ತಪ್ಪಾಗಿದ್ದರೆ ಈ ಎಲ್ಲ ಶ್ರಮವೂ ವ್ಯರ್ಥ. ಪ್ರತಿ ಬಾರಿ ಹೊರಡುವ ಮೊದಲು ದಿನಾಂಕ ನೋಡುವ ರೂಢಿ ಬೆಳೆಯಬೇಕು.

ಯಾರ ಕೈಯಲ್ಲಿ?

ಕ್ಯಾಮರಾ ಕೊಂಡ ಮೇಲೆ ಏಳುವ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದುದು. ಸಂಘದ ಅಧ್ಯಕ್ಷರ ಮನೆಯ ಕಪಾಟು ಸೇರಿದ ಕ್ಯಾಮರಾ ಮೊದಲ ವರ್ಷ ಸಮಾರಂಭಗಳಲ್ಲಿ ಕಾಣಿಸುತ್ತದೆ, ಎರಡನೆಯ ವರ್ಷ ಎಲ್ಲಿಯೂ ಕಾಣಿಸುವುದಿಲ್ಲ. ಅದು ಶಾಲೆಯ ಇಕೋ ಕ್ಲಬ್ಬಿನ ಅಥವಾ ಮಹಿಳಾ ಸಂಘದ ವಶದಲ್ಲಿರುವುದು ಉತ್ತಮ. ಸೌದೆಗೆ, ಸೊಪ್ಪಿಗೆ, ನೀರಿಗೆ ದಿನವೂ ಗುಡ್ಡ ಹತ್ತುವವರು ಹೆಂಗಸರು. ಬದಲಾವಣೆ ಮೊದಲು ಕಾಣುವುದು ಅವರ ಕಣ್ಣಿಗೆ. ಡಬ್ಬಿಯ ಜೊತೆ ಒಂದು ಪುಸ್ತಕ ಇರಬೇಕು. ಯಾರು ಒಯ್ದರು, ಎಂದು ಮರಳಿಸಿದರು, ಎಲ್ಲಿ ಏನನ್ನು ತೆಗೆದರು ಎಂಬುದನ್ನು ಅದರಲ್ಲಿ ಬರೆಯಬೇಕು. ಜಿಪಿಎಸ್ ಇಲ್ಲದ ಕ್ಯಾಮರಾದ ಕೊರತೆಯನ್ನು ಆ ಪುಸ್ತಕವೇ ತುಂಬುತ್ತದೆ. ಅಪರೂಪದ ಸೀತಾಳೆಯ, ಕಾಡುಪಾಪದ ನೆಲೆಯನ್ನು ಮಾತ್ರ ಆ ಪುಸ್ತಕದಿಂದ ಹೊರಗೆ ಬಿಡಬಾರದು, ಕದಿಯುವವರೂ ಪತ್ರಿಕೆ ಓದುತ್ತಾರೆ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ಸಮೀಪದ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡಾಗ ಅವರ ಬಳಿ ಇದ್ದುದು ತೋಳುಗಳು ಮಾತ್ರ. ಆ ತೋಳುಗಳ ಜಾಗವನ್ನು ಯಾವ ಯಂತ್ರವೂ ತುಂಬಲಾರದು. ಆದರೆ ಇಂದು ಗುಡ್ಡ ಕರಗುವುದು ಒಂದು ದಿನದ ಕೊಡಲಿ ಪೆಟ್ಟಿನಿಂದಲ್ಲ. ಹತ್ತು ವರ್ಷ ದಿನಕ್ಕಿಷ್ಟು ಎಂಬಂತೆ ಅದು ಕರಗುತ್ತದೆ. ಅಪ್ಪಿಕೊಳ್ಳಲು ಯಾವ ದಿನ ಹೋಗಬೇಕೆಂಬುದೇ ಯಾರಿಗೂ ತಿಳಿಯುವುದಿಲ್ಲ. ಆ ದಿನವನ್ನು ತೋರಿಸಿಕೊಡುವುದು ತಿಂಗಳು ತಿಂಗಳು ತೆಗೆದಿಟ್ಟ ಚಿತ್ರ. ಅದಕ್ಕೆ ದುಬಾರಿ ಕ್ಯಾಮರಾ ಬೇಕಿಲ್ಲ. ಒಣ ಡಬ್ಬಿಯಲ್ಲಿ ಕಾದಿಟ್ಟ, ದಿನಾಂಕ ಸರಿಯಿರುವ, ಸಾಧಾರಣ ಕ್ಯಾಮರಾ ಒಂದಿದ್ದರೆ ಸಾಕು. ಮುಂದಿನ ಆರಿದ್ರಾ ಮಳೆಗೆ ಮೊದಲು ಶಾಲೆಯ ಹಿಂದಿನ ಧರೆಯ ಒಂದು ಚಿತ್ರ ಪ್ರತಿ ಊರಿನಲ್ಲೂ ಇರಲಿ. ಫೋನಿನಲ್ಲಿ ತೆಗೆದದ್ದಾದರೂ ಸರಿ.